ಮಿಂಜವ್ವನ ಕೂಸು

ಡಿಸೆಂಬರ್ 30, ಸೋಮವಾರ. ಮಸ್ಕಿ

ಹಾಲು ಹನ್ನೊಂದು ಸಲ. ಉಚ್ಚೆ ಎಂಟು. ಕಕ್ಕ ಮೂರು, ಅದರಲ್ಲಿ ಒಂದು ಸ್ವಲ್ಪ ಹಸಿರು.

ಇಷ್ಟು ಬರೆದಿಡಲೆಂದೇ ಲಿಂಗಸುಗೂರಿನ ಮಕ್ಕಳ ಡಾಕ್ಟರು ಈ ನೋಟ್‌ಬುಕ್ ಇಡಲು ಹೇಳಿದ್ದು. ಆದರೆ ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ನಡುವೆ ಹೊತ್ತು ಉಳಿಯುತ್ತದಲ್ಲ, ಆಗ ಏನು ಮಾಡುವುದು? ಕೂಸು ಮಲಗಿದಾಗ ನೀನೂ ಮಲಗು ಎಂದು ಎಲ್ಲರೂ ಹೇಳುತ್ತಾರೆ. ಕೂಸು ಮಲಗಿದಾಗಲೇ ನನಗೆ ಎಚ್ಚರ ಹೆಚ್ಚು. ಮೂಗಿನ ಕೆಳಗೆ ಬೆರಳು ಹಿಡಿಯುತ್ತೇನೆ. ಬಿಸಿ ತಾಗಿದರೆ ತೆಗೆಯುತ್ತೇನೆ. ಇಪ್ಪತ್ತು ಎಣಿಸಿ ಮತ್ತೆ ಹಿಡಿಯುತ್ತೇನೆ. ಹುಟ್ಟಿದ ಮೇಲೆ ಐದು ದಿನ ಗಾಜಿನ ಪೆಟ್ಟಿಗೆಯಲ್ಲಿದ್ದಾಗ ಈ ಕೆಲಸವನ್ನು ಯಂತ್ರ ಮಾಡುತ್ತಿತ್ತು. ಈಗ ಯಂತ್ರವಿಲ್ಲ, ನಾನಿದ್ದೇನೆ.

ಇವತ್ತಿಗೆ ಮೂವತ್ತೊಂಬತ್ತು ದಿನ.

ಬೆಳಿಗ್ಗೆ ಮಕ್ತುಂಬೀ ಚಾಚಿ ಕೂಸಿಗೆ ಎರೆಯಲು ಬಂದಳು. ಇದೇ ಮನೆಯ ಬಚ್ಚಲಲ್ಲಿ ನನಗೂ ಎರೆದವಳು ಅವಳೇ. ಕಾಲು ಚಾಚಿ ಕುಳಿತು, ಕೂಸನ್ನು ಮೊಣಕಾಲ ಮೇಲೆ ಬೋರಲು ಹಾಕಿ, ಬೆನ್ನಿಗೆ ಎಣ್ಣೆ ಬಡಿಯತೊಡಗಿದಳು. ನಾನು ಬಾಗಿಲಲ್ಲಿ ನಿಂತು "ಹಗೂರ ಚಾಚಿ, ಹಗೂರ" ಎನ್ನುತ್ತಲೇ ಇದ್ದೆ.

"ಬೇಟಿ, ಇದು ಕೂಸು ಐತಿ, ಹಪ್ಪಳ ಅಲ್ಲ" ಅಂದಳು.

ಅವ್ವ ನಕ್ಕಳು. ನನಗೆ ನಗು ಬರಲಿಲ್ಲ.

ಜನವರಿ 2, ಗುರುವಾರ

ಹಾಲು ಹನ್ನೆರಡು. ಉಚ್ಚೆ ಒಂಬತ್ತು.

ಶಾಲೆ ಬಿಟ್ಟ ಮೇಲೆ ಸುರೇಖಾ ಬಂದಿದ್ದಳು. ಲಿಂಗಸುಗೂರಿನ ಡಿಗ್ರಿ ಕಾಲೇಜಿನಲ್ಲಿ ಮೂರು ವರ್ಷ ಹಾಸ್ಟೆಲಿನ ಒಂದೇ ಖೋಲಿಯಲ್ಲಿದ್ದವರು ನಾವು. ಈಗ ಅವಳು ಇಲ್ಲಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರು. ನನ್ನ ಮುಖ ನೋಡಿದವಳೇ ಚೀಲ ಕೆಳಗಿಟ್ಟು, "ಎಷ್ಟ್ ದಿನ ಆತು ನೀ ಮಲಗಿ?" ಅಂದಳು.

"ಮಲಗ್ತೀನಿ."

"ಸುಳ್ಳ ಹೇಳಬ್ಯಾಡಲೇ. ಕಣ್ಣ ಕೆಳಗ ಕಾಡಿಗಿ ಅದ, ಹಚ್ಚಿಲ್ದ ಕಾಡಿಗಿ."

ಕೂಸನ್ನು ಕೊಡು, ಒಂದು ತಾಸು ಅಡ್ಡಾಗು ಅಂದಳು. ನಾನು ಕೊಡಲಿಲ್ಲ. ಅವಳು ಬೇಸರ ಮಾಡಿಕೊಳ್ಳಲಿಲ್ಲ, ಬೇರೆ ದಾರಿ ಹಿಡಿದಳು. "ಹಾಸ್ಟೆಲ್‌ನ್ಯಾಗ ದಿನಾ ಆ ಕೊರಿಯಾ ಧಾರಾವಾಹಿ ನೋಡು ನೋಡು ಅಂತ ಬೆನ್ನ ಹತ್ತತಿದ್ದಿ. ನಾ ಒಂದಿನಾ ನೋಡ್ಲಿಲ್ಲ. ಇವತ್ತ ತೋರ್ಸು."

ಹಾಸ್ಟೆಲಿನಲ್ಲಿ ನನ್ನ ಹೆಸರೇ ಕೊರಿಯಾ ಶಿವಿ. ಶಿವಕುಮಾರಿ ಎಂದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮದುವೆಯಾದ ಮೇಲೆ ಸಿಂಧನೂರಿನ ಮನೆಯಲ್ಲಿ ಅದನ್ನೆಲ್ಲ ಬಾಯಿಬಿಟ್ಟಿಲ್ಲ.

ಗೋಡೆಗೆ ನನ್ನ ಬಾಣಂತನದ ಅಂಟಿನುಂಡಿಯ ಸ್ಟೀಲ್ ಡಬ್ಬಿ ಆನಿಸಿ ಅದಕ್ಕೆ ಫೋನ್ ಒರಗಿಸಿದೆ. ಹೊಸದೊಂದು ಕಥೆ, ಹದಿನಾರು ಕಂತು, ನಾನೂ ನೋಡಿಲ್ಲದ್ದು. ಒಂದು ನಡುಗಡ್ಡೆ. ಮೀನುಗಾರನ ಮನೆಗೆ ಸೊಸೆಯಾಗಿ ಬಂದ ಮಿನ್-ಜಿ ಎಂಬ ಹುಡುಗಿ. ಘಟವಾಣಿ ಅತ್ತೆ. ಹತ್ತು ನಿಮಿಷವಾಗಿತ್ತೋ ಇಲ್ಲವೋ, ಅಡುಗೆಮನೆಯ ಬಾಗಿಲಿಂದ ಅವ್ವ ಕೇಳಿದಳು: "ಏನಂತಾಳ ಆಕಿ?"

ಕೆಳಗೆ ಇಂಗ್ಲಿಷ್ ಅಕ್ಷರ ಬರುತ್ತವೆ, ಅವ್ವನಿಗೆ ಓದಲು ಬರುವುದಿಲ್ಲ. ನಾನೇ ಹೇಳಿದೆ. ಅತ್ತೆಯ ಧ್ವನಿ ತೆಗೆದು, "ಏ ಮಿಂಜೀ, ಹೊತ್ತು ನೆತ್ತಿಗೇರೇತಿ, ಇನ್ನಾ ಕುಂತೀ ಏನ್‌ಬೇ?"

ಸುರೇಖಾ ಚಹಾ ಉಗುಳಿದಳು. ಅವ್ವ ಸೌಟು ಹಿಡಿದೇ ಬಂದು ಕುಳಿತಳು. "ಬರೇ ಮಿಂಜಿ ಏನವಾ, ಹೆಸರಿಗೆ ಒಂದು ಅವ್ವ ಇರಲಿ. ಹೆಣ್ಮಗಳು" ಅಂದಳು. ಅಲ್ಲಿಂದ ಅವಳು ಮಿಂಜವ್ವ.

ಕೂಸು ನನ್ನ ತೊಡೆಯ ಮೇಲೇ ಇತ್ತು. ಎರಡು ಸಲ ಬೆರಳು ಹಿಡಿದು ನೋಡಿದೆ. ಅರ್ಧ ಕಂತಿಗೆ ಎರಡೇ ಸಲ.

ಜನವರಿ 6, ಸೋಮವಾರ

ಹಾಲು ಹತ್ತು. ಉಚ್ಚೆ ಎಂಟು.

ಈಗ ನಾಲ್ಕೂವರೆಗೆ ಮನೆ ತುಂಬುತ್ತದೆ. ಸುರೇಖಾ, ಅವ್ವ, ಪಕ್ಕದ ಮನೆಯ ಹೊಸ ಸೊಸೆ ಐಶ್ವರ್ಯ. ಬೆಳಿಗ್ಗೆ ಎರೆದು ಹೋಗುವ ಮಕ್ತುಂಬೀ ಚಾಚಿ ಈಗ ಸಂಜೆಯೂ ಎಲೆ ಅಡಿಕೆ ಸಮೇತ ಹಾಜರು. ದಿನಕ್ಕೆ ಅರ್ಧ ಕಂತು. ಅದಕ್ಕಿಂತ ಹೆಚ್ಚು ನನ್ನ ಗಂಟಲು ತಡೆಯುವುದಿಲ್ಲ. ಅತ್ತೆ, ಸೊಸೆ, ಗಂಡ, ಅಂಗಡಿಯವ, ನಾಯಿ, ಎಲ್ಲರ ಧ್ವನಿಯೂ ನನ್ನದೇ.

ಮೂರನೇ ಕಂತಿನಲ್ಲಿ ಮಿಂಜವ್ವ ಹೆತ್ತಳು. ಘಟವಾಣಿ ಅತ್ತೆ ಯಾರಿಗೂ ಕಾಣದಂತೆ ಬೆಳಿಗ್ಗೆದ್ದು ಕಡಲ ಸೊಪ್ಪಿನ ಸಾರು ಮಾಡಿ ತಂದಿಟ್ಟಳು. ಬಾಣಂತಿ ತಣ್ಣೀರು ಮುಟ್ಟಬಾರದಂತೆ. ಗಾಳಿ ತಾಗಬಾರದಂತೆ. ನೆಲ ಬೆಚ್ಚಗಿರಬೇಕಂತೆ.

"ಅಯ್ಯ ಶಿವನೇ, ಅಲ್ಲೂ ಬಾಣಂತನ ಐತಲ್ಲ!" ಅವ್ವ ಎದ್ದೇ ನಿಂತಳು. ಕಿವಿಗೆ ಕಟ್ಟಿದ ಸ್ಕಾರ್ಫ್ ತೆಗೆಯುತ್ತೇನೆಂದು ಒಂದು ತಿಂಗಳಿಂದ ನಾನು ಜಗಳವಾಡುತ್ತಿದ್ದೆನಲ್ಲ, ಅದಕ್ಕೆ ಇವತ್ತು ಕೊರಿಯಾದಿಂದ ತೀರ್ಪು ಬಂದಂತಾಯಿತು. "ನೋಡು, ಅಷ್ಟ್ ದೂರದಾಕಿನೂ ಕಿವಿ ಮುಚ್ಯಾಳ. ನಿನಗೇನು ಧಾಡಿ?"

"ಆ ಸಾರಿಗೆ ಸಬ್ಬಸಗಿ ಹಾಕಿದ್ರ ಇನ್ನಾ ಛಲೋ ಹಾಲು ಬರ್ತಿತ್ತು. ಹೇಳಬೇಕಿತ್ತು ಆ ಮುದುಕಿಗೆ" ಅಂದಳು ಮಕ್ತುಂಬೀ ಚಾಚಿ.

ಜನವರಿ 11, ಶನಿವಾರ

ಧಾರಾವಾಹಿಗೆ ರಜೆ. ಕರೆಂಟು ಹೋಗಿ ಫೋನಿನ ಚಾರ್ಜ್ ಕಡಿಮೆಯಿತ್ತು. ಹಾಡಾದರೂ ಹಾಕು ಅಂದಳು ಐಶ್ವರ್ಯ. ನಾನು ಕಾಲೇಜಿನ ಕಾಲದಿಂದ ಬಚ್ಚಿಟ್ಟುಕೊಂಡಿದ್ದ ಕೊರಿಯಾ ಹಾಡಿನ ತಂಡದ ಒಂಬತ್ತು ಹುಡುಗರನ್ನು ಹೊರತೆಗೆದೆ. ಒಂಬತ್ತು ಬಣ್ಣದ ಕೂದಲು, ಒಂಬತ್ತು ಜೊತೆ ಬಿಳಿ ಬೂಟು, ಒಂದೇ ಹೆಜ್ಜೆ.

ಎಲ್ಲರೂ ಫೋನಿನ ಹತ್ತಿರಕ್ಕೆ ಜರುಗಿದರು.

"ಇವರು ಗಂಡಸ್ರೇನ?" ಮಕ್ತುಂಬೀ ಚಾಚಿ.

"ಹೌದ್ ಚಾಚಿ."

"ತೌಬಾ, ನನ್ ಮದಿವ್ಯಾಗ ನಾ ಸೈತ ಕಣ್ಣಿಗೆ ಇಷ್ಟು ಛಂದ ಸುರಮಾ ಹಚ್ಚಿದ್ದಿಲ್ಲ."

ಆಮೇಲೆ ಪಾಲು ಹಂಚಿಕೆ. ಪ್ರತಿಯೊಬ್ಬರೂ ಒಬ್ಬನನ್ನು ಆರಿಸಿಕೊಳ್ಳಬೇಕು, ಅದು ನಿಯಮ ಎಂದೆ. ಸುರೇಖಾ ನಡುವೆ ನಿಂತು ಹಾಡುವವನನ್ನು ಹಿಡಿದಳು. ಐಶ್ವರ್ಯ ಇಬ್ಬರು ಬೇಕೆಂದು ಹಟ ಮಾಡಿದಳು. ಅವ್ವ ಬಹಳ ಹೊತ್ತು ನೋಡಿ, ಬೂದಿ ಬಣ್ಣದ ಕೂದಲಿನ ಸಣಕಲನ ಮೇಲೆ ಬೆರಳಿಟ್ಟಳು. "ಇವ ನನಗಿರ್ಲಿ. ತಾಯಿ ಇಲ್ಲೇನೋ, ಹೆಂಗ ಒಣಗ್ಯಾನ ನೋಡು. ನಾಕ್ ದಿನ ಜ್ವಾಳದ ರೊಟ್ಟಿ, ಕೆನಿ ಮಸರು ಹಾಕಿದ್ರ ತುಂಬ್ಕೊಂತಾನ."

ಅಷ್ಟರಲ್ಲಿ ಅಪ್ಪ ಬಟ್ಟೆ ಅಂಗಡಿಯಿಂದ ಊಟದ ಡಬ್ಬಿ ಇಡಲು ಬಂದವನು ಬಗ್ಗಿ ನೋಡಿದ. "ಒಂಬತ್ತ್ ಮಂದಿಗೆ ಒಂಬತ್ತ್ ನಮೂನಿ ಬಟ್ಟಿ. ಒಂದ ತಾನಿನ ಬಟ್ಟ್ಯಾಗ ಹರಿಸಿದ್ರ ಅಗ್ಗ ಬೀಳ್ತಿತ್ತು" ಎಂದು ಹೇಳಿ ಹೋದ. ನಾವು ನಕ್ಕಿದ್ದಕ್ಕೆ ಕೂಸು ಬೆಚ್ಚಿತು, ಆದರೆ ಅಳಲಿಲ್ಲ.

ಹಾಲು ಒಂಬತ್ತೋ ಹತ್ತೋ.

ಜನವರಿ 14, ಮಂಗಳವಾರ. ಸಂಕ್ರಾಂತಿ

ಸಿಂಧನೂರಿನಿಂದ ಇವರು ಬಂದಿದ್ದರು. ಬೀಜದ ಅಂಗಡಿಗೆ ಅರ್ಧ ದಿನ ಬೀಗ. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಮಾದ್ಲಿ. ಅವ್ವ ಅಳಿಯನೆದುರು ಅಡುಗೆಯ ಸುದ್ದಿ ಬಿಟ್ಟು ಮಿಂಜವ್ವನ ಸುದ್ದಿ ಎತ್ತಿದಳು. ಇವರು ನನ್ನ ಕಡೆ ನೋಡಿ, "ಏನ್ ನಡಸೀದಿ ಇಲ್ಲಿ?" ಎಂದು ನಕ್ಕರು. ಹೊರಡುವಾಗ ಮಾತ್ರ ಬಾಗಿಲ ಹತ್ತಿರ ನಿಂತು, "ಐದನೇ ತಿಂಗಳಿಗೆ ಕರಕೊಂಡು ಹೋಗಾಕ ಬರ್ತೀನಿ. ಆಗ್ತದಲ್ಲ ನಿನಗ?" ಎಂದು ಕೇಳಿದರು.

ಆಗುತ್ತದೆ ಅಂದೆ. ಅಲ್ಲಿ ಅವ್ವ ಇರುವುದಿಲ್ಲ. ಮಕ್ತುಂಬೀ ಇರುವುದಿಲ್ಲ. ನಾನು ಒಂದು ತಾಸು ಕಣ್ಣು ಮುಚ್ಚಿದರೆ ಮೂಗಿಗೆ ಬೆರಳು ಹಿಡಿಯುವವರು ಯಾರು? ಅತ್ತೆ ಒಳ್ಳೆಯವರೇ. ಆದರೆ ಅವರ ಕೈಗೆ ಕೂಸನ್ನು ಕೊಟ್ಟು ನಾನು ಮಲಗುವುದು? ನನ್ನವ್ವನ ಕೈಗೇ ಕೊಟ್ಟು ಮಲಗಿಲ್ಲ.

ಜನವರಿ 17, ಶುಕ್ರವಾರ

ಐದನೇ ಕಂತು ಮುಗಿದು ಆರಕ್ಕೆ ಬಂದಿದ್ದೇವೆ. ಮಿಂಜವ್ವನ ಕೂಸಿಗೆ ನೂರು ದಿನ ತುಂಬಿತು. ಅಲ್ಲಿ ಅದು ದೊಡ್ಡ ಹಬ್ಬ. ಹಿಂದಿನ ಕಾಲದಲ್ಲಿ ಕೂಸು ನೂರು ದಿನ ದಾಟಿದರೆ ಗೆದ್ದಂತೆ ಎಂದು ಅಕ್ಕಿಹಿಟ್ಟಿನ ಬಿಳಿ ಕಡುಬು ಬೇಯಿಸಿ ನೂರು ಮನೆಗೆ ಹಂಚುತ್ತಿದ್ದರಂತೆ. ಮಿಂಜವ್ವ ತಲೆಯ ಮೇಲೆ ಬುಟ್ಟಿ ಹೊತ್ತು ಮನೆಮನೆಗೆ ಹೋದಳು. ಈ ದೃಶ್ಯ ಆಡಿ ತೋರಿಸಲು ಎರಡೂ ಕೈ ಇಲ್ಲದೆ ನಡೆಯುವುದಿಲ್ಲ. ಬುಟ್ಟಿ ಹೊರಬೇಕು, ಬಾಗಿಲು ಬಡಿಯಬೇಕು, ಅತ್ತೆಯಾಗಿ ಬಯ್ಯುತ್ತ ಬೆರಳು ತೋರಿಸಬೇಕು. ಕೂಸು ಅಡ್ಡವಾಯಿತು. "ಹಿಡೀರಿ ಚಾಚಿ" ಎಂದು ಮಕ್ತುಂಬೀಯ ಮಡಿಲಿಗೆ ಹಾಕಿ ಮುಂದುವರಿಸಿದೆ.

ಮುಗಿದಾಗ ನೋಡಿದರೆ ಸುರೇಖಾ ನನ್ನನ್ನೇ ನೋಡುತ್ತ ಕುಳಿತಿದ್ದಳು.

ಜನವರಿ 19, ಭಾನುವಾರ

ಹಾಲಿನ ಲೆಕ್ಕ ಆಮೇಲೆ.

ಏಳನೇ ಕಂತು. ಮಿಂಜವ್ವನ ಕೂಸಿಗೆ ಜ್ವರ. ಸಮುದ್ರದಲ್ಲಿ ಬಿರುಗಾಳಿ, ಆಚೆ ದಡಕ್ಕೆ ದೋಣಿ ಇಲ್ಲ. ನಾನು ಗಾಳಿಯ ಸದ್ದು ಮಾಡುತ್ತ, ಎಲ್ಲರ ಧ್ವನಿ ತೆಗೆಯುತ್ತ ಹೇಳುತ್ತಲೇ ಹೋಗುತ್ತಿದ್ದೆ. ಆಮೇಲೆ ಅತ್ತೆ ಕೂಸಿನ ಹಣೆ ಮುಟ್ಟಿದಳು. ಒಂದು ಮಾತು ಅಂದಳು. ಕೆಳಗೆ ಮೂರೇ ಶಬ್ದ ಬಂದವು. ಓದಿದೆ.

"ಏನಂದ್ಳಕ್ಕಾ?" ಐಶ್ವರ್ಯ.

ನನ್ನ ಬಾಯಿ ತಾನಾಗಿಯೇ ಅಂದಿತು: "ದೋಣಿ ಬಂತು ಅಂದ್ಲು. ಆಚಿ ದಂಡಿ ಊರಾಗ ದೊಡ್ಡ ದವಾಖಾನಿ ಐತಂತ. ಅಜ್ಜಿ ಕೂಸಿನ್ನ ಅಲ್ಲಿಗೆ ಕರಕೊಂಡು ಹೊಂಟ್ಲು."

ಪರದೆಯ ಮೇಲೆ ದೋಣಿಯೇ ಇರಲಿಲ್ಲ. ಮಿಂಜವ್ವ ನೆಲಕ್ಕೆ ಬಿದ್ದು ಅಳುತ್ತಿದ್ದಳು. ಐಶ್ವರ್ಯ, "ಮತ್ತ ಯಾಕ ಇಷ್ಟ್ ಅಳ್ತಾಳ..." ಎಂದವಳು ಅಯ್ಯೋ ಎಂದು ತೊಡೆ ಉಜ್ಜಿಕೊಂಡಳು. ಅವ್ವ ಏನೋ ಚಿವುಟಿದಂತಿತ್ತು, ಯಾಕೋ ಗೊತ್ತಿಲ್ಲ.

"ಒಳ್ಳೇದಾತು ಬಿಡು, ದೋಣಿ ಸಿಕ್ತಲ್ಲ" ಅಂದಳು ಅವ್ವ.

ಇಂಗ್ಲಿಷ್ ಬಲ್ಲ ಸುರೇಖಾ ಮದುವೆಗೆಂದು ಮುದಗಲ್‌ಗೆ ಹೋಗಿದ್ದಳು, ಅದೊಂದು ಪುಣ್ಯ. ಯಾರಿಗೂ ತಿಳಿಯಲಿಲ್ಲ.

ಕೂಸನ್ನು ಚಾಚಿಯ ಮಡಿಲಿಂದ ಕಸಿದುಕೊಂಡು ಒಳಗೆ ಬಂದೆ. ಬೆರಳು ಹಿಡಿದೆ. ಹಿಡಿದೇ ಇದ್ದೇನೆ. ಎಡಗೈಯಲ್ಲಿ ಬರೆಯುತ್ತಿದ್ದೇನೆ.

ಜನವರಿ 20

ಹಾಲು ಹದಿಮೂರು. ಉಚ್ಚೆ ಒಂಬತ್ತು. ಕಕ್ಕ ನಾಲ್ಕು. ಉಸಿರು ನಿಮಿಷಕ್ಕೆ ಮೂವತ್ತೆಂಟು. ಇನ್ನೊಮ್ಮೆ ಎಣಿಸಿದಾಗ ನಲವತ್ತೊಂದು.

ಜನವರಿ 23, ಗುರುವಾರ

ಒಂದು ಸುಳ್ಳನ್ನು ಸಾಕುವುದು ಒಂದು ಕೂಸನ್ನು ಸಾಕಿದ ಹಾಗೇ ಇದೆ. ಹೊತ್ತುಹೊತ್ತಿಗೆ ಉಣಿಸಬೇಕು.

ಎಂಟನೇ ಕಂತಿನ ತುಂಬ ಮಿಂಜವ್ವ ಅಳುತ್ತಾಳೆ. ಒಂದು ಅಳುವಂತೂ ಗಡಿಯಾರ ನೋಡಿದೆ, ಹನ್ನೊಂದು ನಿಮಿಷ. ಕೂಸು ದವಾಖಾನೆಯಲ್ಲಿ ಚೆನ್ನಾಗಿದೆ ಎಂದರೆ ಅಷ್ಟೇಕೆ ಅಳಬೇಕು? "ನೆನಪಾಗಿ ಅಳ್ತಾಳ" ಅಂದೆ. ಗಂಡ ತೊಟ್ಟಿಲು ಬಿಚ್ಚಿ ಅಟ್ಟಕ್ಕೆ ಹಾಕಿದ. "ಬಣ್ಣ ಹಚ್ಚಾಕ ಒಯ್ದಾನ" ಅಂದೆ. ಸುರೇಖಾ ಬಂದಿದ್ದಳು. ಕೆಳಗಿನ ಅಕ್ಷರ ಓದಿದಳು, ನನ್ನ ಬಾಯಿ ನೋಡಿದಳು. ನಾನು ಕಣ್ಣಲ್ಲೇ ಬೇಡಿಕೊಂಡೆ. "ಹೌದ್ ಹೌದ್, ಬಣ್ಣಕ್ಕ ಒಯ್ದಾನ" ಅಂದುಬಿಟ್ಟಳು. ಸ್ನೇಹಿತೆ ಎಂದರೆ ಅವಳು.

ಉಳಿದವರು ಪಾಪ, ಹೇಳಿದ್ದೆಲ್ಲ ನಂಬುತ್ತಾರೆ. ನಾನು ತಡವರಿಸಿದರೆ ಅವರೇ ದಾರಿ ಮಾಡಿಕೊಡುತ್ತಾರೆ.

"ದೊಡ್ಡ ದವಾಖಾನಿ ಅಂದ್ರ ಲಗೂನ ಬಿಡಂಗಿಲ್ಲ. ನಮ್ ಕೂಸಿನ್ನೂ ಐದ್ ದಿನ ಇಟ್ಕೊಂಡಿದ್ರಲ್ಲ" ಎಂದು ಅವ್ವ.

"ಸಮುದ್ರ ಅಂದ್ರ ನಿಮ್ಮ ತುಂಗಭದ್ರಾ ಕಾಲುವಿ ಏನು, ದಿನಾ ದಾಟಿ ನೋಡಿ ಬರಾಕ?" ಎಂದು ಮಕ್ತುಂಬೀ.

ಎಂಥ ಮುಗ್ಧ ಮಂದಿ. ನಗುವೂ ಬಂತು.

ಫೆಬ್ರವರಿ 3, ಸೋಮವಾರ

ಹತ್ತು ದಿನ ಬರೆಯಲಿಲ್ಲ. ಪೆನ್ನಿನ ಶಾಯಿ ಮುಗಿದಿತ್ತು, ತರಿಸುವುದು ಮರೆತುಹೋಯಿತು.

ಈಗ ಬೆಳಿಗ್ಗೆಯೇ ಕೆಲಸ ಶುರು. ಸಂಜೆಯ ಕಂತನ್ನು ಮೊದಲೇ ಒಬ್ಬಳೇ ನೋಡಿ, ಎಲ್ಲೆಲ್ಲಿ ಏನು ಹೇಳಬೇಕೆಂದು ಈ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಬರೆದುಕೊಳ್ಳುತ್ತೇನೆ. ಮಕ್ತುಂಬೀ ಎರೆಯುವ ಹೊತ್ತೇ ಅದಕ್ಕೆ ಅನುಕೂಲ, ಅರ್ಧ ತಾಸು ಸಿಗುತ್ತದೆ. ಬಚ್ಚಲಲ್ಲಿ ಅವಳ ಲಾಲಿ, ಇಲ್ಲಿ ನನ್ನ ಕೆಲಸ. ಕೂಸು ಈಚೆಗೆ ಎರೆಯುವಾಗ ಅಳುವುದಿಲ್ಲವಂತೆ. ಯಾವಾಗಿಂದ ಎಂದು ಕೇಳಿದರೆ ಅವ್ವ, "ನೀ ಬಾಗಿಲದಾಗ ನಿಲ್ಲೋದು ಬಿಟ್ಟಾಗಿಂದ" ಅಂದಳು.

ಐಶ್ವರ್ಯ ಒಂಬತ್ತು ಹುಡುಗರ ಕುಣಿತ ಕಲಿಯುತ್ತಿದ್ದಾಳೆ. ಹಿತ್ತಲಲ್ಲಿ ಹಪ್ಪಳ ಒಣಹಾಕಿದ ಮಂಚದ ಪಕ್ಕ ಅಭ್ಯಾಸ. ನಿನ್ನೆ ಸೊಂಟ ತಿರುಗಿಸುವಾಗ ಅವಳ ಅತ್ತೆ ನೋಡಿಬಿಟ್ಟರಂತೆ. "ಬೆನ್ನು ಹಿಡಿದಿತ್ತು ಅತ್ತಿ, ಬಿಡಿಸ್ಕೊಳಾಕತ್ತಿದ್ದೆ" ಅಂದಳಂತೆ. ಪಾಪ ಆ ಅತ್ತೆ ನೋವಿನ ಎಣ್ಣೆ ತಂದು ಹಚ್ಚಿದರಂತೆ!

ಫೆಬ್ರವರಿ 16, ಭಾನುವಾರ

ಹದಿಮೂರನೇ ಕಂತು. ಇವತ್ತು ಮುಂಚೆಯೇ ನೋಡಿಟ್ಟುಕೊಳ್ಳಲು ಆಗಿರಲಿಲ್ಲ, ಮುಂಜಾನೆ ಕೂಸಿನ ಜೊತೆ ನನಗೂ ಹೊತ್ತೇರುವವರೆಗೆ ನಿದ್ದೆ ಹತ್ತಿಬಿಟ್ಟಿತ್ತು. ಸಿಕ್ಕಿಬಿದ್ದೆ.

ಮಿಂಜವ್ವ ಒಂದು ಸಣ್ಣ ಮೇಜು ಹಾಕಿದಳು. ಮೇಲೆ ಅನ್ನ, ಕಡಲ ಸೊಪ್ಪಿನ ಸಾರು, ಹಣ್ಣು, ಬಿಳಿ ಕಡುಬು. ಊದುಬತ್ತಿ ಹಚ್ಚಿದಳು. ಹಿಂದೆ ಕಟ್ಟು ಹಾಕಿಸಿದ ಕೂಸಿನ ಫೋಟೋ. ಗಂಡ ಹೆಂಡತಿ ಇಬ್ಬರೂ ನೆಲಕ್ಕೆ ಹಣೆ ಹಚ್ಚಿದರು.

ಇದಕ್ಕೆ ಅಕ್ಷರ ಯಾಕೆ ಬೇಕು? ಇಲ್ಲಿರುವ ಒಬ್ಬೊಬ್ಬರೂ ವರ್ಷಕ್ಕೊಮ್ಮೆ ಫೋಟೋದ ಮುಂದೆ ಎಡೆ ಇಡುವವರೇ.

"ಇದು... ಕೂಸಿನ ಹುಟ್ಟುಹಬ್ಬ" ಅಂದೆ. ಅದು ನಿಜವೂ ಹೌದು. ಇದ್ದಿದ್ದರೆ ಅದಕ್ಕೆ ಅವತ್ತು ಒಂದು ವರ್ಷ.

"ಅಕ್ಕಾ, ಇದು ಎಡಿ ಅಲ್ಲೇನು? ನಮ್ ಮಾವನ ಫೋಟೋಕ್ಕ ಹಿಂಗ..." ಐಶ್ವರ್ಯ ಬಾಯಿ ತೆರೆದಳು.

"ಹುಟ್ಟುಹಬ್ಬ ಅಂದ್ಲಲ್ಲ" ಎಂದು ಮಕ್ತುಂಬೀ ಮಾತು ತುಂಡರಿಸಿದಳು. "ಇಲ್ಲಿ ಕೇಕಿನ ಮ್ಯಾಲ ಮೇಣಬತ್ತಿ ಹಚ್ಚಂಗಿಲ್ಲೇನು? ಅಲ್ಲಿ ಊದುಬತ್ತಿ. ಮುಂದ ಹೇಳು ಬೇಟಿ."

ಎಲ್ಲರೂ ಫೋನಿನ ಕಡೆಗೇ ನೋಡುತ್ತಿದ್ದರು. ಯಾರೂ ನನ್ನ ಕಡೆ ನೋಡಲಿಲ್ಲ. ಯಾರೂ ನೋಡಬಾರದೆಂದು ಮಾತಾಡಿಕೊಂಡಂತೆ.

ಫೆಬ್ರವರಿ 17, ಸೋಮವಾರ

ಬೆಳಿಗ್ಗೆ ಬಚ್ಚಲಿಗೆ ಹೋಗಿ ಕುಳಿತೆ. ಮಕ್ತುಂಬೀಯ ಕಾಲ ಮೇಲೆ ಕೂಸು, ಎಣ್ಣೆಯಲ್ಲಿ ಮಿಂಚುತ್ತಿತ್ತು.

"ಯಾವಾಗ ಗೊತ್ತಾತು ಚಾಚಿ?"

"ಅವತ್ತ."

"ನಾ ದೋಣಿ ಬಂತು ಅಂದಿದ್ನಲ್ಲ?"

"ನೀ ಅಂದಿ. ನಿನ್ನ ಮಾರಿ ಬ್ಯಾರೇನ ಅಂತಿತ್ತು." ಅವಳ ಕೈ ನಿಲ್ಲಲಿಲ್ಲ, ಕೂಸಿನ ಅಂಗಾಲು ತಿಕ್ಕುತ್ತಲೇ ಇದ್ದಳು. "ಮತ್ತ ಮರುದಿನ ಆಕಿ ಎದಿಗೆ ಬಿಳಿ ಅರಿವಿ ಬಿಗದು ಕಟ್ಕೊಂಡ್ಲು. ಕೂಸು ದವಾಖಾನ್ಯಾಗಿದ್ರ ತಾಯಿ ಹಾಲು ಹಿಂಡಿ ಕಳಸ್ತಾಳ. ನೀನೂ ಐದ್ ದಿನ ಕಳಿಸಿದ್ದಿ. ಹಾಲು ಬತ್ತಲಿ ಅಂತ ಕಟ್ಕೊಳ್ಳೋದು ಯಾವಾಗ ಅಂತ ನನಗ ಗೊತ್ತೈತಿ ಬೇಟಿ. ಅಖ್ತರ್‌ಗಿಂತ ಮೊದಲು ನನಗೊಂದಿತ್ತು. ನಾನೂ ಕಟ್ಕೊಂಡಿದ್ದೆ."

ಅವಳ ಮಗ ಅಖ್ತರ್‌ನನ್ನು ಚಿಕ್ಕಂದಿನಿಂದ ಬಲ್ಲೆ, ಬಸ್ ಸ್ಟ್ಯಾಂಡಿನಲ್ಲಿ ಆಟೋ ಓಡಿಸುತ್ತಾನೆ. ಅವನಿಗಿಂತ ಮೊದಲು ಒಬ್ಬರಿದ್ದರೆಂದು ಗೊತ್ತಿರಲಿಲ್ಲ.

"ಮತ್ತ ಎಲ್ಲಾರೂ ಸುಮ್ನ ಯಾಕ ಕುಂತ್ರಿ?"

"ನಿಮ್ಮವ್ವ ಹೇಳಿದ್ಲು. ಶಿವಿ ಆ ಕೂಸಿನ್ನ ದೋಣ್ಯಾಗ ಕುಂದರ್ಸ್ಯಾಳ, ನಾವು ಯಾರೂ ಇಳಸೋದು ಬ್ಯಾಡ ಅಂತ."

ನನಗೆ ಅಳು ಬಂತು. ಕೂಸು ತಲೆಯೆತ್ತಿ ನನ್ನನ್ನು ನೋಡಿ, ಏನನ್ನಿಸಿತೋ, ಬೊಚ್ಚು ಬಾಯಿ ಬಿಟ್ಟು ನಕ್ಕಿತು. ಮಕ್ತುಂಬೀ ಎಣ್ಣೆಗೈಯಲ್ಲೇ ನನ್ನ ಗಲ್ಲ ಒರೆಸಿದಳು. ಮುಖವೆಲ್ಲ ಕೊಬ್ಬರಿ ಎಣ್ಣೆ.

"ಈ ಕೈಲೆ ಊರ ಮಂದಿ ಕೂಸುಗೊಳಿಗೆ ಎರದೀನಿ. ಒಂದು ಕೈ ಜಾರಿ ಹೋತಂತನ ಉಳಿದವ್ಕ ಇಷ್ಟ್ ಬಿಗಿ ಹಿಡಿತೀನಿ. ಹೆದರಿಕಿ ನನಗೂ ಐತಿ. ಆದ್ರ ರಾತ್ರಿ ಮಲಗ್ತೀನಪ್ಪ, ಮುಂಜಾನಿ ಮತ್ತ ಎರೀಬೇಕಲ್ಲ."

ಸಂಜೆ ಎಲ್ಲರೂ ಬಂದ ಮೇಲೆ, ಹದಿನಾಲ್ಕನೆಯದು ನಾಳೆ, ಇವತ್ತು ಏಳನೆಯದನ್ನೇ ಇನ್ನೊಮ್ಮೆ ಎಂದೆ. ಗಾಳಿಯ ಸದ್ದು ಮಾಡಿದೆ. ಅತ್ತೆ ಹಣೆ ಮುಟ್ಟಿದಳು. ನಾನು ಅವಳ ಧ್ವನಿಯಲ್ಲಿ ಹೇಳಿದೆ: "ಕೂಸು ಹೋತು, ಮಿಂಜವ್ವ."

ಅಷ್ಟೇ. ಆಕಾಶ ಬೀಳಲಿಲ್ಲ. ನಮ್ಮ ಕೂಸು ಅವ್ವನ ಹೆಗಲ ಮೇಲೆ ತೇಗಿತು. ಎಲ್ಲರೂ ಸೇರಿ ಅತ್ತೆವು, ಹನ್ನೊಂದು ನಿಮಿಷಕ್ಕಿಂತ ಹೆಚ್ಚೇ. ಆಮೇಲೆ ಅವ್ವ ಮಂಡಾಳ ಒಗ್ಗರಣೆ, ಮಿರ್ಚಿ ಮಾಡಿದಳು. ಬಾಣಂತಿಗೆ ಮಿರ್ಚಿ ಇಲ್ಲ ಎಂದು ನನ್ನ ತಟ್ಟೆಗೆ ಬರೀ ಮಂಡಾಳು ಬಂತು. ಸುರೇಖಾ ಸೆರಗಿನಡಿಯಲ್ಲಿ ಒಂದು ಮಿರ್ಚಿ ದಾಟಿಸಿದಳು.

ಫೆಬ್ರವರಿ 20, ಗುರುವಾರ

ಲಿಂಗಸುಗೂರಿಗೆ ಹೋಗಿದ್ದೆವು. ಕೂಸಿನ ತೂಕ ಐದು ಕಿಲೋ ನಾನೂರು. ಡಾಕ್ಟರು ನೋಟ್‌ಬುಕ್ ಕೇಳಿದರು. ಮೊದಲ ಪುಟಗಳನ್ನು ನೋಡಿ ತಲೆಯಾಡಿಸಿದರು. ಹಾಗೇ ಕೊನೆಯಿಂದ ಮಗುಚಿದರು. "ಮಿಂಜವ್ವ ಅಳುತ್ತಾಳೆ, ಹನ್ನೊಂದು ನಿಮಿಷ. ಯಾರ್ರೀ ಇದು? ಅವಳಿ ಕೂಸಾ? ಇಷ್ಟು ಹೊತ್ತು ಯಾಕ ಅಳಸಿದ್ರಿ?"

ಅವ್ವ ಕುರ್ಚಿಯಲ್ಲಿ ಕುಳಿತೇ ಅವರಿಗೆ ಇಡೀ ಕಥೆ ಹೇಳಿದಳು. ಹೊರಗೆ ಹದಿನೈದು ಮಂದಿ ಕಾಯುತ್ತಿದ್ದರು. ಡಾಕ್ಟರು ಕೇಳಿದರು, ನಡುವೆ ಒಂದು ಪ್ರಶ್ನೆಯನ್ನೂ ಹಾಕಿದರು. ಕೊನೆಗೆ ನನ್ನ ಕಡೆ ತಿರುಗಿ, "ನಿದ್ದಿ ಬರ್ತದೇನಮ್ಮ ಈಗ?" ಅಂದರು.

ಹೇಳಲು ಹೋಗಿ ನಿಂತೆ. ನಿನ್ನೆ ಎಷ್ಟು ತಾಸು ಮಲಗಿದ್ದೆನೆಂದು ನೆನಪಾಗಲಿಲ್ಲ. ಇನ್ನು ಮುಂದೆ ಲೆಕ್ಕ ಬರೆಯುವುದು ಬೇಡ ಅಂದರು. ಬರೆಯುವುದು ಯಾವಾಗಲೋ ನಿಂತಿದೆ ಎಂದು ನಾನು ಹೇಳಲಿಲ್ಲ.

ಮಾರ್ಚ್ 1, ಶನಿವಾರ

ನಮ್ಮ ಕೂಸಿಗೆ ನೂರು ದಿನ.

ಮಾಡುವುದು ಬೇಡ ಎಂದು ನಾನು ಮೊದಲು ಹಟ ಹಿಡಿದಿದ್ದೆ. ಮಿಂಜವ್ವನೂ ಮಾಡಿದ್ದಳಲ್ಲ, ಆಮೇಲೆ ಏನಾಯಿತು? ಮಕ್ತುಂಬೀ ಅಂದಳು, "ಆ ಕೂಸು ನೂರ್ ದಿನ ನಕ್ಕಿತ್ತಲ್ಲ ಬೇಟಿ. ಅದೇನು ಸುಳ್ಳಾತೇನು?" ನಾನು ಎದ್ದು ಅಕ್ಕಿ ನೆನೆಹಾಕಿದೆ.

ಅಕ್ಕಿಹಿಟ್ಟಿನ ಬಿಳಿ ಕಡುಬಿನ ಪ್ರಯೋಗ ಕೆಟ್ಟಿತು. ಅಪ್ಪ ಒಂದು ಬಾಯಿಗೆ ಹಾಕಿಕೊಂಡು, "ಗೋಡಿಗೆ ಹಚ್ಚಾಕ ಛಲೋ ಐತಿ" ಅಂದ. ಕೊನೆಗೆ ನಮ್ಮದೇ ಕುಚ್ಚಗಡುಬು, ಒಳಗೆ ಹೂರಣ, ಮೇಲೆ ತುಪ್ಪ. ಬೆಳಿಗ್ಗೆಯಿಂದ ಓಣಿಯೆಲ್ಲ ಹಂಚಿದೆವು. ನೂರು ಮನೆ ಆಗುವಷ್ಟರಲ್ಲಿ ನನ್ನ ಕಾಲು ಬಿದ್ದುಹೋದವು. ಎಲ್ಲ ಮನೆಯಲ್ಲೂ, "ಏನು ವಿಶೇಷ?" ಎಲ್ಲ ಮನೆಯಲ್ಲೂ, "ಕೊರಿಯಾ ಪದ್ಧತಿ." ಒಬ್ಬ ಅಜ್ಜ ಮಾತ್ರ, "ಕೊರಿಯಾ ಅಂದ್ರ ಗುರುಗುಂಟಾದಿಂದ ಆಚಿಗೇನು?" ಎಂದು ಕೇಳಿದ. ಹೌದು, ಸ್ವಲ್ಪ ಆಚಿಗೆ ಅಂದಳು ಅವ್ವ.

ಮಧ್ಯಾಹ್ನ ಊಟವಾದ ಮೇಲೆ ಐಶ್ವರ್ಯ ಸೀರೆ ಕಚ್ಚೆ ಕಟ್ಟಿ ಸಿದ್ಧಳಾಗುತ್ತಿದ್ದಳು. ಅವಳು ತಯಾರಾಗುವವರೆಗೆ ಐದು ನಿಮಿಷ ಎಂದು ಒಳಗೆ ಹೋಗಿ ಗೋಡೆಗೆ ಒರಗಿದೆ.

ಕಣ್ಣು ಬಿಟ್ಟಾಗ ದೀಪ ಹಚ್ಚುವ ಹೊತ್ತು. ಯಾರೋ ಚಾದರ ಹೊದಿಸಿದ್ದರು. ಐದು ತಾಸು! ನನ್ನ ಕೂಸಿನ ಹಬ್ಬ, ನಾನೇ ಇರಲಿಲ್ಲ. ಎಬ್ಬಿಸಲಿಲ್ಲ ಯಾಕೆ ಎಂದು ಎಲ್ಲರ ಮೇಲೂ ಕೂಗಾಡಿದೆ. "ಎಬ್ಬಿಸಿದ್ರ ನಿಮ್ಮವ್ವ ನನ್ನ ಕೊಲ್ಲತಿದ್ಲು" ಎಂದು ಸುರೇಖಾ ತನ್ನ ಫೋನಿನ ವಿಡಿಯೋ ತೋರಿಸಿದಳು.

ಐಶ್ವರ್ಯ ಒಬ್ಬಳೇ ಒಂಬತ್ತು ಮಂದಿಯಾಗಿ ಕುಣಿಯುತ್ತಿದ್ದಾಳೆ. ಐಶ್ವರ್ಯಳ ಅತ್ತೆ ನೋವಿನ ಎಣ್ಣೆಯ ಬಾಟಲಿ ಹಿಡಿದೇ ಬಂದು ಕುಳಿತಿದ್ದಾರೆ, ಚಪ್ಪಾಳೆ ತಟ್ಟುತ್ತಿದ್ದಾರೆ. ಅವ್ವ ಬೂದಿಗೂದಲಿನವನ ಸರದಿ ಬಂದಾಗ ಎದ್ದು ದೃಷ್ಟಿ ತೆಗೆದಳು. ಹಿಂದೆ ನಮ್ಮ ಕೂಸು ಮಡಿಲಿಂದ ಮಡಿಲಿಗೆ ಹೋಗುತ್ತಿದೆ: ಮಕ್ತುಂಬೀ, ಎದುರು ಮನೆಯವರು, ಅಪ್ಪ, ಸುರೇಖಾಳ ಅವ್ವ, ನನಗೆ ಹೆಸರೇ ಗೊತ್ತಿಲ್ಲದ ಯಾರೋ. ಎಲ್ಲರ ಮುಖವನ್ನೂ ಹಿಡಿದು ಜಗ್ಗುತ್ತಿದೆ. ಈ ವಿಡಿಯೋ ನಾಲ್ಕು ಸಲ ನೋಡಿದೆ. ಐಶ್ವರ್ಯಳ ಎಡಗಾಲು ಇನ್ನೂ ತಾಳ ತಪ್ಪುತ್ತದೆ, ಹೇಳಬೇಕು.

ಮಾರ್ಚ್ 24, ಸೋಮವಾರ. ಸಿಂಧನೂರು

ನಿನ್ನೆ ಇವರು ಕಾರು ತಂದು ಕರೆದುಕೊಂಡು ಬಂದರು. ಅವ್ವ ಅಳಲಿಲ್ಲ, ಅಂಟಿನುಂಡಿಯ ಡಬ್ಬಿ ಕೈಗಿತ್ತು, "ಫೋನ್ ಆನಸಾಕ" ಅಂದಳು. ಮಕ್ತುಂಬೀ ಕೂಸಿನ ಅಂಗಾಲಿಗೆ ಮುತ್ತಿಟ್ಟಳು. ಅತ್ತವಳು ನಾನೇ, ಮಸ್ಕಿ ದಾಟುವವರೆಗೆ. ಆಮೇಲೆ ಹಸಿರು ಭತ್ತದ ಗದ್ದೆಗಳು ಬಂದವು. ಇಬ್ಬರೂ ಮಲಗಿಬಿಟ್ಟೆವಂತೆ, ನಾನೂ ಕೂಸೂ.

ಇವತ್ತು ಸಂಜೆ ನಾಲ್ಕೂವರೆಗೆ ಕೂಸನ್ನೂ ಡಬ್ಬಿಯನ್ನೂ ಹಿಡಿದು ಒಳಗಿಂದ ಬಂದು ನೋಡುತ್ತೇನೆ, ಪಡಸಾಲೆಯಲ್ಲಿ ಜಮಖಾನೆ ಹಾಸಿದೆ. ಅತ್ತೆ ನಡುವೆ ಕುಳಿತಿದ್ದಾರೆ, ಸುತ್ತ ಓಣಿಯ ಆರೇಳು ಹೆಂಗಸರು. ದೊಡ್ಡ ಟಿ.ವಿ.ಗೆ ಇವರು ಏನೋ ವೈರು ಚುಚ್ಚುತ್ತಿದ್ದಾರೆ.

"ಬಾರವಾ" ಅಂದರು ಅತ್ತೆ, ಸ್ವಲ್ಪ ನಾಚಿಕೊಂಡು. "ನಿಮ್ಮವ್ವ ದಿನಾ ಫೋನಿನ್ಯಾಗ ಹೇಳ್ತಿದ್ರು. ನಡುವ ಪೂಜಾ, ಅದು ಇದು ಅಂತ ನನಗ ಪೂರಾ ಕೇಳಾಕ ಆಗಿಲ್ಲ. ಅಲ್ಲಾ, ಆ ಮಿಂಜವ್ವನ ಕೂಸು ದೋಣ್ಯಾಗ ಹೋತಲ್ಲ, ಆಚಿ ದಂಡಿ ದವಾಖಾನಿಗೆ. ಬಂತೇನು ತಿರುಗಿ?"

ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಗಂಟಲು ಸರಿ ಮಾಡಿಕೊಂಡೆ.

"ಇಲ್ಲ ಅತ್ತಿ. ಬರ್ಲಿಲ್ಲ. ದೋಣಿ ನಾ ಹುಟ್ಟಿಸಿದ್ದು. ಮೊದಲಿಂದ ಹೇಳ್ತೀನಿ, ಕುಂದರ್ರಿ" ಎಂದು ಡಬ್ಬಿ ಪಕ್ಕಕ್ಕಿಟ್ಟೆ. "ಮೊದಲು ಈ ಕೂಸಿನ್ನ ಹಿಡೀರಿ, ನನಗ ಎರಡೂ ಕೈ ಬೇಕು."